ಅಂಟು ಸೋಲುವುದು ಧೂಳಿಗೆ: ಇಟ್ಟಿಗೆ ಗೋಡೆಯಲ್ಲಿ ಎಪಾಕ್ಸಿ ಬೋಲ್ಟ್

ಗೇಟಿನ ಕಂಬದಿಂದ ಕಿತ್ತು ಬಂದ ಬೋಲ್ಟನ್ನು ಎಸೆಯುವ ಮುನ್ನ ಒಮ್ಮೆ ಬೆಳಕಿಗೆ ಹಿಡಿದು ನೋಡಬೇಕು. ಥ್ರೆಡ್‌ನ ಸುತ್ತ ಎಪಾಕ್ಸಿ, ಅಂದರೆ ಎರಡು ದ್ರವ ಬೆರೆತು ಗಟ್ಟಿಯಾಗುವ ಅಂಟು, ಗಾಜಿನಂತೆ ಗಟ್ಟಿಯಾಗಿ ಕೂತಿರುತ್ತದೆ, ಉಗುರಿನಿಂದ ಕೆರೆದರೂ ಏಳುವುದಿಲ್ಲ. ಅದರ ಹೊರಮೈಗೆ ಮಾತ್ರ ಕುಂಕುಮ ಸವರಿದಂತೆ ಇಟ್ಟಿಗೆಯ ಕೆಂಪು ಹುಡಿ ಮೆತ್ತಿರುತ್ತದೆ. ಬೆರಳಿನಿಂದ ಒರೆಸಿದರೆ ಹುಡಿ ಬೆರಳಿಗೆ ಬರುತ್ತದೆ, ಅಡಿಯಲ್ಲಿ ನಯವಾದ ಅಂಟು ಕಾಣುತ್ತದೆ. ‘ಅಂಟು ಸರಿ ಇರಲಿಲ್ಲ’ ಎಂದು ಅಂಟಿನ ಕೊಳವೆ (ಕಾರ್ಟ್ರಿಜ್) ಮಾರಿದ ಅಂಗಡಿಯವನನ್ನು ಬೈಯುವುದು ಸಾಮಾನ್ಯ. ಆದರೆ ಅಂಟು ತನಗೆ ಸಿಕ್ಕಿದ್ದನ್ನು ಗಟ್ಟಿಯಾಗಿಯೇ ಹಿಡಿದಿತ್ತು. ಸಿಕ್ಕಿದ್ದು ಹುಡಿ. ಆ ಹುಡಿ ಇಟ್ಟಿಗೆಯನ್ನು ಹಿಡಿದಿರಲಿಲ್ಲ, ಅಷ್ಟೆ.

ಸರಿಯಾಗಿ ಕೂತ ಬೋಲ್ಟನ್ನು ಬಲವಂತವಾಗಿ ಎಳೆದರೆ ಬರುವುದೇ ಬೇರೆ. ಅಂಟಿನ ಮೈಗೆ ಇಟ್ಟಿಗೆಯ ಚೂರುಗಳು ಕಚ್ಚಿಕೊಂಡಿರುತ್ತವೆ, ತೂತಿನ ಬಾಯಿಯ ಸುತ್ತ ಇಟ್ಟಿಗೆ ಶಂಕುವಿನಾಕಾರದಲ್ಲಿ ಒಡೆದು ಬಂದಿರುತ್ತದೆ. ಅಂದರೆ ಸೋತದ್ದು ಗೋಡೆ. ಈ ಎರಡು ಬೋಲ್ಟ್‌ಗಳ ನಡುವಿನ ಅಂತರ ಐದು ನಿಮಿಷದ ಕೆಲಸ: ತೂತನ್ನು ಉಜ್ಜಿ, ಊದಿ ಸ್ವಚ್ಛ ಮಾಡುವುದು. ನಮ್ಮಲ್ಲಿ ಬಹುಪಾಲು ಕಡೆ ಬಿಟ್ಟುಹೋಗುವುದೂ ಆ ಐದು ನಿಮಿಷವೇ.

ಇದನ್ನು ಈಗ ವಿವರವಾಗಿ ಬರೆಯಲು ಕಾರಣವಿದೆ. ಹತ್ತಿಪ್ಪತ್ತು ವರ್ಷಗಳ ಹಿಂದೆ ಮನೆಯ ಗೋಡೆಗೆ ಭಾರದ ವಸ್ತು ಹಾಕುವುದೆಂದರೆ ಕಟ್ಟುವಾಗಲೇ ಹೋಲ್ಡ್‌ಫಾಸ್ಟ್ (ಗೋಡೆಯೊಳಗೆ ಹೂಳುವ ಕಬ್ಬಿಣದ ಪಟ್ಟಿ) ಇಟ್ಟು ಕಾಂಕ್ರೀಟ್ ತುಂಬುವುದಾಗಿತ್ತು. ಈಗ ಎ.ಸಿ.ಯ ಹೊರಘಟಕ, ಬಾಲ್ಕನಿಯ ತಂತಿ ಗ್ರಿಲ್, ದೊಡ್ಡ ಟಿ.ವಿ., ವಿದ್ಯುತ್ ಸ್ಕೂಟರಿನ ಚಾರ್ಜರ್, ಚಾವಣಿಯ ಸೌರಫಲಕ ಎಲ್ಲವೂ ಗೋಡೆ ಎದ್ದು ಎಷ್ಟೋ ವರ್ಷಗಳ ಮೇಲೆ ಬರುತ್ತವೆ. 2024ರಲ್ಲಿ ಪಿಎಂ ಸೂರ್ಯಘರ್ ಯೋಜನೆ ಶುರುವಾದ ಮೇಲಂತೂ ಪ್ಯಾರಾಪೆಟ್‌ಗೆ ಡ್ರಿಲ್ ಹಿಡಿಯುವವರು ಹೆಚ್ಚಿದ್ದಾರೆ. ಅದೇ ಹೊತ್ತಿಗೆ ಗೋಡೆಗಳೂ ಬದಲಾಗಿವೆ. ಸುಟ್ಟ ಇಟ್ಟಿಗೆಯ ಜಾಗಕ್ಕೆ ಕಾಂಕ್ರೀಟ್ ಬ್ಲಾಕ್, ಗಾಳಿಗುಳ್ಳೆ ತುಂಬಿದ ಹಗುರ ಕಾಂಕ್ರೀಟಿನ ಎಎಸಿ ಬ್ಲಾಕ್, ಒಳಗೆ ಟೊಳ್ಳು ಗೂಡುಗಳಿರುವ ಜೇಡಿಮಣ್ಣಿನ ಬ್ಲಾಕ್ ಬಂದಿವೆ. ಕೆಲಸಗಾರರ ಕೈಯಲ್ಲಿರುವ ಅಭ್ಯಾಸ ಮಾತ್ರ ಕಾಂಕ್ರೀಟಿನದು: ತೂತು ಕೊರೆ, ಆಂಕರ್ ಬೋಲ್ಟ್ ಹೊಡೆ, ನಟ್ ಬಿಗಿ.

ಕಾಂಕ್ರೀಟಿನಲ್ಲಿ ಈ ಹಿಗ್ಗುವ ಬೋಲ್ಟ್ ಚೆನ್ನಾಗಿ ನಿಲ್ಲುತ್ತದೆ. ನಟ್ ಬಿಗಿದಷ್ಟೂ ಅದರ ತೋಳು ಅಗಲವಾಗಿ ತೂತಿನ ಗೋಡೆಯನ್ನು ಅಕ್ಕಪಕ್ಕಕ್ಕೆ ಒತ್ತುತ್ತದೆ, ಆ ಒತ್ತಡವೇ ಅದರ ಹಿಡಿತ. ಇಟ್ಟಿಗೆಗೆ ಈ ಒತ್ತಡ ಒಗ್ಗದು. ಭಾರತೀಯ ಮಾನಕದಲ್ಲಿ ಇಟ್ಟಿಗೆಯ ಅತಿ ಕೆಳದರ್ಜೆಗೆ ಬೇಕಾದ ಬಲ ಒಂದು ಚದರ ಮಿ.ಮೀ.ಗೆ 3.5 ನ್ಯೂಟನ್, ಇಂದಿನ ಸಾಮಾನ್ಯ ಕಾಂಕ್ರೀಟಿನದು 20 ಅಥವಾ 25. ಅಂಚಿನ ಹತ್ತಿರ ಹಿಗ್ಗುವ ಬೋಲ್ಟ್ ಹಾಕಿದರೆ ಇಟ್ಟಿಗೆ ಸೀಳುತ್ತದೆ. ಪ್ಲಾಸ್ಟರ್ ಒಳಗೆ ಸೀಳಿದರೆ ಅದು ಕಾಣುವುದೂ ಇಲ್ಲ. ಎಪಾಕ್ಸಿ ಹೀಗೆ ಒತ್ತುವುದಿಲ್ಲ. ದ್ರವವಾಗಿ ಹೋಗಿ ಇಟ್ಟಿಗೆಯ ಸಣ್ಣ ರಂಧ್ರಗಳಿಗೆ ಇಳಿದು ಅಲ್ಲೇ ಗಟ್ಟಿಯಾಗಿ, ಎಳೆತವನ್ನು ತೂತಿನ ಪೂರ್ತಿ ಉದ್ದಕ್ಕೂ ಹಂಚುತ್ತದೆ. ಹಾಗಾಗಿ ಇಟ್ಟಿಗೆ ಗೋಡೆಗೆ ಇದು ಒಳ್ಳೆಯ ದಾರಿ ಎಂಬುದರಲ್ಲಿ ಅನುಮಾನವಿಲ್ಲ, ಕೆಲಸ ಸರಿಯಾಗಿ ಆದರೆ.

ಮೊದಲು ಭಾರದ ಲೆಕ್ಕ

ಆರು ಅಡಿ ಅಗಲದ ಗೇಟಿನ ಒಂದು ಬಾಗಿಲು, ತೂಕ 80 ಕೆ.ಜಿ., ಎರಡು ಕೀಲುಗಳ ನಡುವೆ ನಾಲ್ಕು ಅಡಿ ಅಂತರ ಎಂದುಕೊಳ್ಳಿ. ಗೇಟಿನ ತೂಕ ಕಂಬದಿಂದ ಮೂರು ಅಡಿ ದೂರದಲ್ಲಿ ಕೂತಂತೆ. ಮೇಲಿನ ಕೀಲನ್ನು ಕಂಬದಿಂದ ಹೊರಕ್ಕೆ ಎಳೆಯುವ ಬಲ 80ನ್ನು 3ರಿಂದ ಗುಣಿಸಿ 4ರಿಂದ ಭಾಗಿಸಿದಷ್ಟು, ಅಂದರೆ 60 ಕೆ.ಜಿ. ಮೂವತ್ತು ಕೆ.ಜಿ.ಯ ಮಗು ಗೇಟಿನ ತುದಿಗೆ ಜೋತುಬಿದ್ದರೆ ಇನ್ನೂ 45 ಸೇರುತ್ತದೆ. ಕೆಳಗಿನ ಕೀಲು ಕಂಬವನ್ನು ಒತ್ತುತ್ತದೆಯೇ ಹೊರತು ಎಳೆಯುವುದಿಲ್ಲ. ಒಂದೇ ಬೋಲ್ಟ್ ಉಳಿದಿದ್ದರೆ ಅದನ್ನು ಮೇಲಿನ ಕೀಲಿಗೆ ಹಾಕಿ ಎಂದು ಹಳೆಯ ವೆಲ್ಡರ್‌ಗಳು ಹೇಳುವುದು ಇದಕ್ಕೇ.

ಎ.ಸಿ.ಯ ಲೆಕ್ಕ ಇದಕ್ಕಿಂತ ಸ್ವಾರಸ್ಯದ್ದು. ಹೊರಘಟಕ 40 ಕೆ.ಜಿ., ಅದರ ತೂಕದ ಕೇಂದ್ರ ಗೋಡೆಯಿಂದ 25 ಸೆಂ.ಮೀ. ಆಚೆ, ಬ್ರಾಕೆಟ್ಟಿನ ಮೇಲಿನ ಮತ್ತು ಕೆಳಗಿನ ಬೋಲ್ಟ್‌ಗಳ ನಡುವೆ 30 ಸೆಂ.ಮೀ. ಎರಡೂ ಬ್ರಾಕೆಟ್ ಸೇರಿ ಮೇಲಿನ ಬೋಲ್ಟ್‌ಗಳ ಮೇಲೆ ಬರುವ ಎಳೆತ 33 ಕೆ.ಜಿ., ಒಂದೊಂದಕ್ಕೆ 17. ಏನೂ ಅಲ್ಲ. ಆದರೆ ಗ್ಯಾಸ್ ತುಂಬಲು ಬಂದ ಎಪ್ಪತ್ತು ಕೆ.ಜಿ.ಯ ಮೆಕ್ಯಾನಿಕ್ ಒಂದು ಬ್ರಾಕೆಟ್ಟಿನ ತುದಿಗೆ, ಗೋಡೆಯಿಂದ 40 ಸೆಂ.ಮೀ. ಆಚೆ, ಕಾಲಿಟ್ಟರೆ ಆ ಒಂದೇ ಬೋಲ್ಟ್ ಮೇಲೆ ಇನ್ನೂ 93 ಕೆ.ಜಿ. ಬೀಳುತ್ತದೆ. ಯಂತ್ರದ ತೂಕ ನೋಡಿ ಬೋಲ್ಟ್ ಆರಿಸಿದವರು ಮನುಷ್ಯನ ತೂಕ ಮರೆತಿರುತ್ತಾರೆ. ಮೂರನೇ ಮಹಡಿಯಲ್ಲಿ ಅದು ಜೀವದ ಪ್ರಶ್ನೆ.

ಇವೆಲ್ಲಕ್ಕಿಂತ ದೊಡ್ಡ ಎಳೆತ ಬರುವುದು ಮೊದಲ ದಿನವೇ, ಸ್ಪ್ಯಾನರಿನಿಂದ. ಎಂ10, ಅಂದರೆ 10 ಮಿ.ಮೀ. ದಪ್ಪದ ಬೋಲ್ಟಿನ ನಟ್ಟನ್ನು 10 ನ್ಯೂಟನ್ ಮೀಟರ್ ಬಿಗಿದರೆ ಬೋಲ್ಟನ್ನು ಹೊರಕ್ಕೆ ಎಳೆಯುವ ಬಲ ಸುಮಾರು 500 ಕೆ.ಜಿ. ಆಗುತ್ತದೆ. ಥ್ರೆಡ್‌ನ ಘರ್ಷಣೆಗೆ ತಕ್ಕಂತೆ ಹೆಚ್ಚುಕಡಿಮೆ ಇರಬಹುದು, ಪ್ರಮಾಣ ಮಾತ್ರ ಇದೇ. ಉದ್ದನೆಯ ಸ್ಪ್ಯಾನರ್ ಹಿಡಿದು ‘ಇನ್ನೊಂದು ಸುತ್ತು’ ಎಂದು ಮೈಭಾರ ಹಾಕುವವನು ಇಪ್ಪತ್ತು ನ್ಯೂಟನ್ ಮೀಟರನ್ನೂ ದಾಟಿಬಿಡುತ್ತಾನೆ. ಕಬ್ಬಿಣಕ್ಕೆ ಅದು ಲೆಕ್ಕವಲ್ಲ. 4.6 ದರ್ಜೆಯ (ಸಾಮಾನ್ಯ ಉಕ್ಕಿನ) ಎಂ10 ರಾಡ್, ಅಂದರೆ ಬೋಲ್ಟಾಗಿ ಕೂರಿಸುವ ಥ್ರೆಡ್ ಸರಳು, ತುಂಡಾಗಲು 2,300 ಕೆ.ಜಿ.ಗಿಂತ ಹೆಚ್ಚು ಬೇಕು. ಇಟ್ಟಿಗೆಗೆ ಮಾತ್ರ ಅದು ಇಡೀ ಆಯುಷ್ಯದ ದೊಡ್ಡ ಹೊಡೆತ. ಇಟ್ಟಿಗೆ ಗೋಡೆಯಲ್ಲಿ ಎಂ10ಕ್ಕೆ 4ರಿಂದ 5 ನ್ಯೂಟನ್ ಮೀಟರ್ ಸಾಕು. ಟಾರ್ಕ್ ರೆಂಚ್ ಇಲ್ಲದಿದ್ದರೆ ಸ್ಪ್ಯಾನರನ್ನು ನಟ್ಟಿನಿಂದ 15 ಸೆಂ.ಮೀ. ದೂರದಲ್ಲಿ ಹಿಡಿದು, ಮೂರು ಕೆ.ಜಿ. ಅಕ್ಕಿ ಚೀಲ ಎತ್ತುವಷ್ಟು ಬಲ ಹಾಕಿದರೆ ಅಲ್ಲಿಗೆ ಬರುತ್ತದೆ. ಸಡಿಲವಾಗುವ ಭಯವಿದ್ದರೆ ಎರಡನೇ ನಟ್ ಹಾಕಿ, ಹೆಚ್ಚು ಬಿಗಿಯಬೇಡಿ.

ಗೋಡೆಯನ್ನು ಓದುವುದು

ಒಂಬತ್ತಿಂಚಿನ ಗೋಡೆ ಹೊರಗಿನಿಂದ ಒಂದೇ ಗಟ್ಟಿ ಹಲಗೆಯಂತೆ ಕಂಡರೂ ಒಳಗೆ ಹಾಗಿಲ್ಲ. ಇಟ್ಟಿಗೆಯ ಉದ್ದ ಮುಖ ಕಾಣುವ ವರಸೆಯಲ್ಲಿ ಮುಂದೊಂದು ಹಿಂದೊಂದು ಎರಡು ಇಟ್ಟಿಗೆಗಳಿರುತ್ತವೆ, ಒಂದೊಂದೂ ಸುಮಾರು 110 ಮಿ.ಮೀ. ದಪ್ಪ. ಅವುಗಳ ನಡುವಿನ ಸಂದಿಯಲ್ಲಿ ಗಾರೆ ತುಂಬಿರಬೇಕು. ಎಷ್ಟೋ ಗೋಡೆಗಳಲ್ಲಿ ತುಂಬಿರುವುದಿಲ್ಲ. 130 ಮಿ.ಮೀ. ಆಳಕ್ಕೆ ಕೊರೆದು ಅಂಟು ಹಾಕಿದರೆ ಅದು ಆ ಟೊಳ್ಳಿಗೆ ಸೋರಿಹೋಗುತ್ತದೆ, ರಾಡ್ ತೂರಿಸಿದಾಗ ಬಾಯಿಗೆ ಅಂಟು ಉಕ್ಕಿ ಬರುವುದೇ ಇಲ್ಲ. ಆಗ ಇನ್ನಷ್ಟು ಒತ್ತುತ್ತಾರೆ, ಅದೂ ಒಳಗೇ ಹೋಗುತ್ತದೆ. ಆದ್ದರಿಂದ ಉದ್ದ ವರಸೆಯಲ್ಲಿ ಇಟ್ಟಿಗೆಯೊಳಗೆ 80 ಮಿ.ಮೀ.ಗೆ ನಿಲ್ಲಿಸುವುದು ಸರಿ. ಹಿಂದೆ 25–30 ಮಿ.ಮೀ. ಇಟ್ಟಿಗೆ ಉಳಿಯಬೇಕು, ಇಲ್ಲದಿದ್ದರೆ ಡ್ರಿಲ್ಲಿನ ಹೊಡೆತಕ್ಕೆ ಹಿಂಬದಿ ಒಡೆಯುತ್ತದೆ. ಇಟ್ಟಿಗೆಯನ್ನು ಅಡ್ಡ ಇಟ್ಟ ವರಸೆ ಸಿಕ್ಕಿದರೆ ಅದೃಷ್ಟ, 150 ಮಿ.ಮೀ.ವರೆಗೂ ಹೋಗಬಹುದು.

ಪ್ಲಾಸ್ಟರ್ ಲೆಕ್ಕಕ್ಕಿಲ್ಲ. 12ರಿಂದ 20 ಮಿ.ಮೀ. ದಪ್ಪದ ಆ ಪದರ ಬೋಲ್ಟನ್ನು ಹಿಡಿಯುವುದಿಲ್ಲ, ತೂತಿನ ಉದ್ದವನ್ನಷ್ಟೇ ಹೆಚ್ಚಿಸುತ್ತದೆ. ಪ್ಲಾಸ್ಟರ್ 15 ಇದ್ದರೆ ಮೇಲ್ಮೈಯಿಂದ ತೂತಿನ ಆಳ 95. ರಾಡಿನ ಉದ್ದ ಅದಕ್ಕೆ ತಕ್ಕಂತೆ: 95, ಬ್ರಾಕೆಟ್ ತಗಡು 5, ವಾಷರ್ 2, ನಟ್ 8, ಮೇಲೆ ಐದಾರು ಮಿ.ಮೀ. ಉಳಿಕೆ. ಒಟ್ಟು 115ರಿಂದ 120.

ಇಟ್ಟಿಗೆಯ ನಡುಮಧ್ಯಕ್ಕೆ ಕೊರೆಯಬೇಕು. ನಿಂತ ಸಂದುಗಳಲ್ಲಿ ಗಾರೆ ಅರ್ಧಂಬರ್ಧ ಇರುತ್ತದೆ, ಅಲ್ಲಿಗೆ ಬಿದ್ದ ತೂತು ನಂಬಿಕೆಗೆ ಅರ್ಹವಲ್ಲ. ಪ್ಲಾಸ್ಟರ್ ಮೇಲಿಂದ ಸಂದು ಕಾಣದಿದ್ದರೂ ಡ್ರಿಲ್ ಹೇಳುತ್ತದೆ. ಹುಡಿ ಬೂದು ಬಣ್ಣದಿಂದ ಕೆಂಪಿಗೆ ತಿರುಗಿ ಕೊನೆಯವರೆಗೂ ಕೆಂಪಾಗಿಯೇ ಬಂದರೆ ಇಟ್ಟಿಗೆ, ಬೂದಾಗಿಯೇ ಉಳಿದರೆ ಗಾರೆಯ ಸಂದು, ಬಿಟ್ ತಟಕ್ಕನೆ ಒಳಗೆ ಜಾರಿದರೆ ಟೊಳ್ಳು. ಮೂರನೆಯದಾದರೆ ಆ ತೂತನ್ನು ಗಾರೆಯಿಂದ ಮುಚ್ಚಿ ಕನಿಷ್ಠ ಹತ್ತು ಸೆಂ.ಮೀ. ಪಕ್ಕಕ್ಕೆ ಹೋಗಬೇಕು. ಗೋಡೆಯ ಅಂಚಿನಿಂದ, ಕಿಟಕಿಯ ಪಕ್ಕದಿಂದ, ಗೇಟುಕಂಬದ ಮೂಲೆಯಿಂದ ತೂತಿನ ಆಳದ ಒಂದೂವರೆ ಪಟ್ಟಾದರೂ ಒಳಗಿರುವುದು ಕ್ಷೇಮ. 80 ಆಳಕ್ಕೆ 120 ಮಿ.ಮೀ.

ಕರಾವಳಿಯ ಜಂಬಿಟ್ಟಿಗೆ ಗೋಡೆಗೆ ಬೇರೆಯೇ ಎಚ್ಚರ ಬೇಕು. ಮುರಕಲ್ಲು, ಕೆಂಪುಕಲ್ಲು ಎಂದೂ ಕರೆಯುವ ಈ ಕಲ್ಲಿನ ಒಳಗೆ ಹುಳು ಕೊರೆದಂತಹ ಗೂಡುಗಳು, ಮೆತ್ತನೆಯ ಜೇಡಿಯ ಗಂಟುಗಳು ಇರುತ್ತವೆ. ಅಂಟು ಅವುಗಳೊಳಗೆ ಹರಿದರೆ ಬೇರು ಬಿಟ್ಟಂತೆ ಚೆನ್ನಾಗಿ ಹಿಡಿಯುತ್ತದೆ, ಆದರೆ ಎಷ್ಟು ಬೇಕೆಂದು ಮೊದಲೇ ಹೇಳಲಾಗದು. ಲೆಕ್ಕದ ಎರಡು ಪಟ್ಟು ಇಟ್ಟುಕೊಂಡೇ ಹೊರಡಬೇಕು. ಮಳೆಗಾಲದಲ್ಲಿ ಆ ಕಲ್ಲು ನೀರು ಕುಡಿದು ನಿಂತಿರುತ್ತದೆ. ಎಪಾಕ್ಸಿ ತೇವದಲ್ಲೂ ಗಟ್ಟಿಯಾಗುತ್ತದೆ ಎಂಬುದು ನಿಜ, ಆದರೆ ಕಲ್ಲಿನ ರಂಧ್ರದಲ್ಲಿ ನೀರು ಕೂತಿದ್ದರೆ ಅಂಟಿಗೆ ಅಲ್ಲಿ ಜಾಗವಿಲ್ಲ. ದೀಪಾವಳಿ ಕಳೆದ ಮೇಲೆ ಮಾಡಿದರೆ ಅದೇ ಕೆಲಸ ಎಷ್ಟೋ ವಾಸಿ. ಉಪ್ಪುಗಾಳಿಯ ಊರುಗಳಲ್ಲಿ ಸತುವಿನ ಲೇಪದ ರಾಡ್ ಬೇಗ ತುಕ್ಕು ಹಿಡಿಯುವುದರಿಂದ 316 ದರ್ಜೆಯ ಸ್ಟೇನ್‌ಲೆಸ್ ರಾಡೇ ಬೇಕು.

ಬಯಲುಸೀಮೆಯ ಗ್ರಾನೈಟ್ ಕಲ್ಲುಕಂಬಕ್ಕೆ ಹೇಳುವುದೇನೂ ಇಲ್ಲ. ಕೊರೆಯುವುದು ಕಷ್ಟ, ಹಿಡಿತ ಅತ್ಯುತ್ತಮ.

ಟೊಳ್ಳು ಬ್ಲಾಕಿನಲ್ಲಿ ಸುಮ್ಮನೆ ಅಂಟು ತುಂಬುವುದು ಬಾವಿಗೆ ಹಾಲು ಸುರಿದಂತೆ. ಅಲ್ಲಿ ಜರಡಿ ತೋಳು ಬೇಕು: ಪ್ಲಾಸ್ಟಿಕ್ ಅಥವಾ ತಂತಿಬಲೆಯ ಕೊಳವೆ, ಎಂ8 ಅಥವಾ ಎಂ10 ರಾಡಿಗೆ ಸಾಮಾನ್ಯವಾಗಿ 16 ಮಿ.ಮೀ. ದಪ್ಪ, 85 ಮಿ.ಮೀ. ಉದ್ದ. ಅದನ್ನು ತೂತಿಗೆ ತೂರಿಸಿ, ತಳದಿಂದ ಬಾಯಿಯವರೆಗೆ ಪೂರ್ತಿ ಅಂಟು ತುಂಬಿ, ಆಮೇಲೆ ರಾಡ್ ಒತ್ತಿದರೆ ಅಂಟು ಬಲೆಯ ಕಣ್ಣುಗಳಿಂದ ಹೊರಗೆ ಉಬ್ಬಿ, ಬ್ಲಾಕಿನ ತೆಳುಗೋಡೆಯ ಹಿಂದೆ ಗಂಟಾಗಿ ಕೂರುತ್ತದೆ. ಇಲ್ಲಿ ಹಿಡಿತ ಆ ಗಂಟಿನದು. ಡ್ರಿಲ್ಲಿನ ಹ್ಯಾಮರ್ ಗುಂಡಿಯನ್ನು ಬಂದ್ ಮಾಡಿ ಬರಿಯ ತಿರುಗುವಿಕೆಯಲ್ಲೇ ಕೊರೆಯಬೇಕು. ಹ್ಯಾಮರ್ ಹೊಡೆತಕ್ಕೆ ಒಳಗಿನ ತೆಳುಗೋಡೆಗಳು ಚಕ್ಕೆಯೆದ್ದು ಹೋದರೆ ಗಂಟು ಕೂರಲು ಏನೂ ಉಳಿಯುವುದಿಲ್ಲ. ಎಎಸಿ ಬ್ಲಾಕಿಗೂ ಹ್ಯಾಮರ್ ಬೇಡ. ಅದರ ಬಲ ಸಾಮಾನ್ಯವಾಗಿ 3ರಿಂದ 4 ನ್ಯೂಟನ್, ಕೊರೆದರೆ ಮೈದಾಹಿಟ್ಟಿನಂತಹ ಹುಡಿ. ಗೇಟು, ಎ.ಸಿ.ಯಂತಹ ಭಾರವನ್ನು ಎಎಸಿಗೆ ಹಾಕಲೇಬೇಕಾದರೆ ಗೋಡೆ ದಾಟಿ ಆಚೆ ಬರುವ ಬೋಲ್ಟ್ ಹಾಕಿ, ಹಿಂದೆ ಅಂಗೈ ಅಗಲದ ತಗಡು ಕೊಡುವುದೇ ನೆಮ್ಮದಿ. ಮಣ್ಣಿನ ಗಾರೆಯಲ್ಲಿ ಕಟ್ಟಿದ ಹಳೆ ಗೋಡೆಗೂ ಅದೇ ಮಾತು. ಅಲ್ಲಿ ಅಂಟು ಇಟ್ಟಿಗೆಯನ್ನು ಎಷ್ಟು ಚೆನ್ನಾಗಿ ಹಿಡಿದರೂ ಇಟ್ಟಿಗೆಯನ್ನು ಗೋಡೆ ಹಿಡಿದಿರುವುದಿಲ್ಲ.

ಕೆಲಸದ ಕ್ರಮ

ಎಂ10 ರಾಡಿಗೆ 12 ಮಿ.ಮೀ. ತೂತು, ಎಂ8ಕ್ಕೆ 10, ಎಂ12ಕ್ಕೆ 14. ‘ಅಂಟು ಹೆಚ್ಚು ಹಿಡಿಯಲಿ’ ಎಂದು 16 ಕೊರೆಯುವುದು ತಪ್ಪು. ಅಂಟಿನ ಪದರ ದಪ್ಪವಾದಷ್ಟೂ ಅದು ಬಲಹೀನ, ಖರ್ಚೂ ಹೆಚ್ಚು. ಬಿಟ್ಟಿನ ಮೇಲೆ ಆಳದ ಗುರುತಿಗೆ ಟೇಪ್ ಸುತ್ತಿ, ಗೋಡೆಗೆ ನೇರವಾಗಿ ಕೊರೆಯಬೇಕು.

ಆಮೇಲೆ ಆ ಐದು ನಿಮಿಷ. ತಳದವರೆಗೆ ಹೋಗುವ ತೆಳು ಕೊಳವೆಯಿಂದ ನಾಲ್ಕು ಸಲ ಗಾಳಿ ಊದಬೇಕು. ಕೈಪಂಪ್ ಇಲ್ಲದಿದ್ದರೆ ಸೈಕಲ್ ಪಂಪಿಗೆ ಸಣ್ಣ ಪೈಪ್ ಸಿಕ್ಕಿಸಿದರೂ ನಡೆಯುತ್ತದೆ. ಬಾಯಿಂದ ಊದುವುದು ಬೇಡ. ಉಸಿರಿನ ತೇವಕ್ಕೆ ಹುಡಿ ಕೆಸರಾಗಿ ತೂತಿನ ಮೈಗೆ ಮೆತ್ತುತ್ತದೆ, ಉಳಿದದ್ದು ಕಣ್ಣಿಗೆ. ನಂತರ ದುಂಡು ತಂತಿ ಬ್ರಷ್. 12ರ ತೂತಿಗೆ 14ರ ಬ್ರಷ್, ತೂರಿಸುವಾಗ ತಡೆ ಅನ್ನಿಸಬೇಕು. ತಡೆಯಿಲ್ಲದೆ ಓಡಾಡುವ ಬ್ರಷ್ ಸವೆದುಹೋಗಿದೆ ಎಂದರ್ಥ. ತಳದಿಂದ ಬಾಯಿಯವರೆಗೆ ತಿರುಗಿಸುತ್ತ ನಾಲ್ಕು ಸಲ ಎಳೆದು, ಮತ್ತೆ ನಾಲ್ಕು ಸಲ ಊದಬೇಕು. ಮೊದಲ ಊದಿಗೆ ಸಡಿಲ ಹುಡಿ ಬರುತ್ತದೆ. ಬ್ರಷ್ ಆದ ಮೇಲಿನ ಊದಿಗೆ ಬರುವುದು ಡ್ರಿಲ್ ಬಿಸಿಯಲ್ಲಿ ಮೈಗೆ ಒತ್ತಿಕೊಂಡಿದ್ದ ಹುಡಿ, ಬೋಲ್ಟನ್ನು ಕೀಳಿಸುವುದು ಈ ಎರಡನೆಯದು. ಕಿರುಬೆರಳಿಗೆ ಬಿಳಿ ಬಟ್ಟೆ ಸುತ್ತಿ ತೂತಿನ ಬಾಯೊಳಗೆ ಒರೆಸಿ ನೋಡಿದರೆ ಕೆಲಸ ಮುಗಿಯಿತೋ ಇಲ್ಲವೋ ತಿಳಿಯುತ್ತದೆ. ಇಟ್ಟಿಗೆಗೂ ಎಎಸಿಗೂ ನೀರು ಹಾಕಿ ತೊಳೆಯಕೂಡದು.

ಕಾರ್ಟ್ರಿಜ್‌ನಲ್ಲಿ ರಾಳ ಮತ್ತು ಗಡಸುಕಾರಕ ಬೇರೆ ಬೇರೆ ಅರೆಗಳಲ್ಲಿರುತ್ತವೆ. ನಾಜಲ್‌ನೊಳಗಿನ ಸುರುಳಿ ಅವನ್ನು ಬೆರೆಸುತ್ತದೆ. ಕಾರ್ಟ್ರಿಜ್ ಒತ್ತುವ ಗನ್ನಿನ ಮೊದಲ ಮೂರ್ನಾಲ್ಕು ಒತ್ತಿನಲ್ಲಿ ಬರುವುದು ಸರಿಯಾಗಿ ಬೆರೆತಿರುವುದಿಲ್ಲ. ಪಟ್ಟೆಪಟ್ಟೆ ಹೋಗಿ ಒಂದೇ ಬಣ್ಣ ಬರುವವರೆಗೆ ಹಳೆ ಕಾಗದಕ್ಕೆ ಹಿಂಡಿ ಬಿಸಾಕಬೇಕು. ಹೊಸ ನಾಜಲ್ ಹಾಕಿದಾಗಲೆಲ್ಲ ಇದು ತಪ್ಪದು. ಉಳಿಸಬೇಕೆಂದು ಇದನ್ನೇ ಮೊದಲ ತೂತಿಗೆ ಹಾಕುತ್ತಾರೆ, ಆ ತೂತಿನ ಅಂಟು ತಿಂಗಳಾದರೂ ಚ್ಯೂಯಿಂಗ್ ಗಮ್ಮಿನಂತೆಯೇ ಇರುತ್ತದೆ. ನಲ್ಲಿ ಸೋರಿಕೆಗೆ ಕೈಯಲ್ಲಿ ನಾದಿ ಹಚ್ಚುವ ಪುಟ್ಟಿಯೂ ಎಪಾಕ್ಸಿಯೇ. ಆದರೆ ಅದು ಹರಿಯುವುದಿಲ್ಲ, ತೂತಿನ ಮೈಯನ್ನು ನೆನೆಸುವುದಿಲ್ಲ, ಗಾಳಿಗುಳ್ಳೆ ಬಿಡುತ್ತದೆ. ಬೋಲ್ಟಿಗೆ ಅದು ಬೇಡ.

ನಾಜಲ್ ತುದಿ ತೂತಿನ ತಳ ಮುಟ್ಟಬೇಕು. ಅಂಟು ತುಂಬಿದಂತೆ ತಾನೇ ಹಿಂದಕ್ಕೆ ಬರಬೇಕು. ಬಾಯಿಂದ ತುಂಬಿದರೆ ತಳದಲ್ಲಿ ಗಾಳಿ ಸಿಕ್ಕಿಬಿದ್ದು ರಾಡಿನ ಕೊನೆಯ ಎರಡು ಸೆಂ.ಮೀ. ಬರಿದಾಗುತ್ತದೆ. ಗಟ್ಟಿ ಇಟ್ಟಿಗೆಯಲ್ಲಿ ತೂತಿನ ಮೂರನೇ ಎರಡರಷ್ಟು ಸಾಕು. 12 ಅಗಲ, 95 ಆಳದ ತೂತಿಗೆ ಅದು ಸುಮಾರು 7 ಮಿ.ಲೀ. ಹಾಗಾಗಿ 300 ಮಿ.ಲೀ. ಕಾರ್ಟ್ರಿಜ್, ವ್ಯರ್ಥವಾಗುವುದನ್ನು ಕಳೆದು, ಮೂವತ್ತೈದು ಬೋಲ್ಟಿಗೆ ಬರುತ್ತದೆ. ಅದೇ ಜರಡಿ ತೋಳಿಗೆ 20–25 ಮಿ.ಲೀ. ಬೇಕಿರುವುದರಿಂದ ಹನ್ನೆರಡಕ್ಕೇ ಮುಗಿಯುತ್ತದೆ. ಟೊಳ್ಳು ಬ್ಲಾಕಿನ ಮನೆಗೆ ಇಟ್ಟಿಗೆ ಲೆಕ್ಕದಲ್ಲಿ ಕೊಂಡೊಯ್ದವರು ನಡುವೆ ಅಂಟು ಸಾಲದೆ ಜಿಪುಣತನಕ್ಕಿಳಿಯುವುದು ಹೀಗೆ.

ರಾಡಿನ ಮೇಲಿನ ಎಣ್ಣೆಯನ್ನು ಥಿನ್ನರ್ ಬಟ್ಟೆಯಿಂದ ಮೊದಲೇ ಒರೆಸಿಡಬೇಕು. ಪೂರ್ತಿ ಥ್ರೆಡ್ ಇರುವ ರಾಡೇ ಆಗಬೇಕು, ನಯ ಸರಳು ಜಾರುತ್ತದೆ. ನಿಧಾನವಾಗಿ ತಿರುಗಿಸುತ್ತ ತಳದವರೆಗೆ ಒತ್ತಿದಾಗ ಬಾಯಿಯ ಸುತ್ತ ಅಂಟು ಸ್ವಲ್ಪ ಉಕ್ಕಿದರೆ ಒಳಗೆ ತುಂಬಿದೆ ಎಂದು ಅರ್ಥ. ಉಕ್ಕದಿದ್ದರೆ ರಾಡ್ ತೆಗೆದು ಇನ್ನಷ್ಟು ತುಂಬಬೇಕು, ಅದೂ ಅಂಟು ದ್ರವವಾಗಿರುವಾಗಲೇ.

ನಂತರ ಮುಟ್ಟಬಾರದು. ಶುದ್ಧ ಎಪಾಕ್ಸಿಗೆ 25 ಡಿಗ್ರಿಯಲ್ಲಿ ಕೆಲಸದ ಸಮಯ ಇಪ್ಪತ್ತು–ಮೂವತ್ತು ನಿಮಿಷ, ಭಾರ ಹೊರಲು ಏಳೆಂಟು ಗಂಟೆ ಅಥವಾ ಹೆಚ್ಚು. ಬೇಸಿಗೆಯ 35ರಲ್ಲಿ ಇವೆರಡೂ ಬಹಳ ಕಡಿಮೆ. ಕೊಡಗಿನ ಚಳಿಗಾಲದ ಮುಂಜಾನೆಗೆ ಒಂದು ದಿನ ಬಿಡುವುದೇ ಒಳ್ಳೆಯದು. ಅಂಗಡಿಯಲ್ಲಿ ‘ಕೆಮಿಕಲ್ ಆಂಕರ್’ ಎಂದು ಕೊಡುವ ಕಾರ್ಟ್ರಿಜ್‌ಗಳೆಲ್ಲ ಎಪಾಕ್ಸಿಯಲ್ಲ. ಪಾಲಿಯೆಸ್ಟರ್ ಮತ್ತು ವಿನೈಲೆಸ್ಟರ್ ಜಾತಿಯವು ಐದು ನಿಮಿಷಕ್ಕೇ ಬಿಗಿದು ಒಂದು ಗಂಟೆಯೊಳಗೆ ಭಾರಕ್ಕೆ ಸಿದ್ಧವಾಗುತ್ತವೆ. ಒಂದರ ಸಮಯವನ್ನು ಇನ್ನೊಂದಕ್ಕೆ ಹಾಕಿ, ಅರೆಗಟ್ಟಿಯಾದ ಎಪಾಕ್ಸಿಯ ಮೇಲೆ ಸಂಜೆಯೇ ಗೇಟು ನೇತುಹಾಕಿದರೆ ರಾಡ್ ಕೂದಲೆಳೆಯಷ್ಟು ಜಾರಿ ಅಂಟಿನ ಬಂಧ ಹರಿಯುತ್ತದೆ. ಹೀಗೆ ಹರಿದದ್ದು ಮತ್ತೆ ಕೂಡುವುದಿಲ್ಲ. ಡಬ್ಬಿಯ ಮೇಲಿನ ಕೋಷ್ಟಕ ಮತ್ತು ಅವಧಿಯ ತಾರೀಖನ್ನು ಓದಲೇಬೇಕು. ಗಡಸುಕಾರಕದಲ್ಲಿರುವ ಅಮೀನ್ ಚರ್ಮಕ್ಕೆ ಅಲರ್ಜಿ ಹತ್ತಿಸುತ್ತದೆ, ಒಮ್ಮೆ ಹತ್ತಿದರೆ ಜೀವನವಿಡೀ ಬಿಡುವುದಿಲ್ಲ. ನೈಟ್ರೈಲ್ ಕೈಗವಸು, ಕೊರೆಯುವಾಗ ಎನ್95 ಮಾಸ್ಕ್ ಇಲ್ಲದೆ ಯಾರನ್ನೂ ಈ ಕೆಲಸಕ್ಕೆ ಇಳಿಸಬೇಡಿ.

ನಿಧಾನವಾಗಿ ಜಾರುವ ಅಂಟು

ಇಲ್ಲಿಯವರೆಗಿನದು ಕೈಯಲ್ಲಿ ತಿದ್ದಬಹುದಾದ ತಪ್ಪುಗಳು. ಎಪಾಕ್ಸಿಯ ಸ್ವಭಾವದಲ್ಲೇ ಇರುವ ಒಂದು ಮಿತಿಯನ್ನು ಜಗತ್ತು ಕಲಿತದ್ದು ಜೀವಗಳನ್ನು ತೆತ್ತು. 2006ರ ಜುಲೈ 10ರಂದು ಅಮೆರಿಕದ ಬಾಸ್ಟನ್ ನಗರದ ಹೆದ್ದಾರಿ ಸುರಂಗದಲ್ಲಿ ಸುಮಾರು 26 ಟನ್ ಕಾಂಕ್ರೀಟ್ ಚಾವಣಿ ಫಲಕಗಳು ಒಂದು ಕಾರಿನ ಮೇಲೆ ಬಿದ್ದು ಒಬ್ಬ ಮಹಿಳೆ ಸತ್ತರು. ಫಲಕಗಳು ಮೇಲಿನ ಕಾಂಕ್ರೀಟಿಗೆ ಎಪಾಕ್ಸಿಯಿಂದ ಕೂರಿಸಿದ ಬೋಲ್ಟ್‌ಗಳಿಂದ ನೇತಾಡುತ್ತಿದ್ದವು. ಅಲ್ಲಿನ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿಯ ತನಿಖೆ ಕಂಡುಕೊಂಡದ್ದು: ಬೇಗ ಗಟ್ಟಿಯಾಗುವ ಬಗೆಯ ಆ ಎಪಾಕ್ಸಿ ಸದಾಕಾಲದ ಭಾರಕ್ಕೆ ನಿಧಾನವಾಗಿ ಹಿಗ್ಗಿ ಜಾರುತ್ತಿತ್ತು. ಎಳೆದು ನೋಡುವ ಕ್ಷಣಿಕ ಪರೀಕ್ಷೆಯಲ್ಲಿ ಬಲವಾಗಿಯೇ ಕಂಡ ಅಂಟು ವರ್ಷಗಟ್ಟಲೆಯ ಭಾರಕ್ಕೆ ಸೋತಿತ್ತು.

2012ರ ಡಿಸೆಂಬರ್ 2ರಂದು ಜಪಾನಿನ ಸಸಾಗೊ ಸುರಂಗದಲ್ಲಿ ಚಾವಣಿ ಫಲಕಗಳು 130 ಮೀಟರಿಗೂ ಹೆಚ್ಚು ಉದ್ದಕ್ಕೆ ಕುಸಿದು ಒಂಬತ್ತು ಜನ ಸತ್ತರು. ಅಲ್ಲಿಯೂ ತಲೆಯ ಮೇಲೆ, ರಾಳದ ಅಂಟಿನಲ್ಲಿ ಕೂತ ಬೋಲ್ಟ್‌ಗಳೇ. ಸುರಂಗ ತೆರೆದದ್ದು 1977ರಲ್ಲಿ. ಅಮೆರಿಕದ ಕಾಂಕ್ರೀಟ್ ಸಂಹಿತೆ 2011ರ ಆವೃತ್ತಿಯಲ್ಲಿ ಅಂಟಿನ ಬೋಲ್ಟ್‌ಗೆ ನಿಯಮ ತಂದಾಗ, ಸದಾ ಎಳೆಯುವ ಭಾರಕ್ಕೆ ಅಂಟಿನ ಲೆಕ್ಕದ ಬಲದಲ್ಲಿ ನೂರಕ್ಕೆ 55ನ್ನು ಮಾತ್ರ ನಂಬಿ ಎಂದಿತು. ಭಾರತದಲ್ಲಿ ಗೋಡೆ, ಚಾವಣಿಗಳಿಗೆ ಬಿಗಿಯುವ ಸಾಧನಗಳ ಬಗ್ಗೆ ಇರುವ ಮಾನಕ ಐಎಸ್ 1946 ಬಂದದ್ದು 1961ರಲ್ಲಿ, ಕಾರ್ಟ್ರಿಜ್ ಎಪಾಕ್ಸಿ ನಮ್ಮ ಅಂಗಡಿಗಳಿಗೆ ಬರುವುದಕ್ಕೂ ಎಷ್ಟೋ ಮುಂಚೆ. ಮನೆ ಕಟ್ಟುವವರಿಗೆ ಕೈಗೆಟುಕುವ, ಇಟ್ಟಿಗೆ ಗೋಡೆಗೆ ತಕ್ಕ ಹೊಸ ನಿಯಮಾವಳಿಯ ಅಗತ್ಯ ದೊಡ್ಡದು.

ಮನೆಯ ಮಟ್ಟಿಗೆ ಇದರ ಅರ್ಥ ಸ್ಪಷ್ಟ. ತೂಗುಯ್ಯಾಲೆಯ ಕೊಂಡಿಯನ್ನು ಅಂಟಿನ ಮೇಲೆ ನೇತುಹಾಕಬೇಡಿ. ಇಬ್ಬರು ದೊಡ್ಡವರು ಕೂತು ತೂಗಿದರೆ ಸ್ಲ್ಯಾಬಿನ ಮೇಲಿನಿಂದ ತೂರಿ ಬಂದು, ಮೇಲೆ ತಗಡು ಹೊತ್ತ ಬೋಲ್ಟೇ ಆಗಬೇಕು. ಫ್ಯಾನಿಗೂ ಹಾಗೆಯೇ. ಬಿಸಿಯನ್ನೂ ಮರೆಯಬಾರದು. ಕೋಣೆಯ ಉಷ್ಣತೆಯಲ್ಲಿ ಗಟ್ಟಿಯಾದ ಸಾಮಾನ್ಯ ಎಪಾಕ್ಸಿ 50–60 ಡಿಗ್ರಿಯಲ್ಲಿ ಮೆತ್ತಗಾಗತೊಡಗುತ್ತದೆ. ರಾಯಚೂರು, ಕಲಬುರಗಿಯ ಏಪ್ರಿಲ್ ಮಧ್ಯಾಹ್ನ ಪಶ್ಚಿಮಕ್ಕೆ ಮುಖಮಾಡಿದ ಗೋಡೆಗೆ ಬಿಗಿದ ಕಪ್ಪು ಕಬ್ಬಿಣದ ಚೌಕಟ್ಟಿನ ಬಳಿ ಆ ಬಿಸಿ ದೂರವೇನಲ್ಲ. ಕಾರ್ಟ್ರಿಜ್ ಮೇಲೆ ‘24/40’, ‘50/80’ ಎಂಬ ಜೋಡಿ ಅಂಕೆ ಇದ್ದರೆ ಮೊದಲನೆಯದು ದೀರ್ಘಕಾಲ ತಾಳುವ ಡಿಗ್ರಿ, ಎರಡನೆಯದು ಸ್ವಲ್ಪ ಹೊತ್ತು ತಾಳುವುದು. ಉತ್ತರ ಕರ್ನಾಟಕದ ಹೊರಗೋಡೆಗೆ 50/80ರದ್ದೇ ಕೇಳಿ ಪಡೆಯಬೇಕು.

ಸೌರಫಲಕದವರಿಗೆ ಇನ್ನೊಂದು ಲೆಕ್ಕ. ಕಟ್ಟಡದ ಮೇಲಿನ ಭಾರಗಳ ಭಾರತೀಯ ಮಾನಕ ಐಎಸ್ 875ರ ಪ್ರಕಾರ ಮೂಲ ಗಾಳಿವೇಗ ಬೆಂಗಳೂರಿಗೆ ಸೆಕೆಂಡಿಗೆ 33 ಮೀಟರ್, ಮಂಗಳೂರಿಗೆ 39. ಒತ್ತಡ ವೇಗದ ವರ್ಗಕ್ಕೆ ತಕ್ಕಂತೆ ಏರುವುದರಿಂದ ಚದರ ಮೀಟರಿಗೆ ಬೆಂಗಳೂರಿನಲ್ಲಿ ಸುಮಾರು 65 ಕೆ.ಜಿ. ಇದ್ದದ್ದು ಮಂಗಳೂರಿನಲ್ಲಿ 90 ದಾಟುತ್ತದೆ. ಎರಡೂವರೆ ಚದರ ಮೀಟರಿನ ಒಂದೇ ಫಲಕದ ಮೇಲೆ ಅದು 230 ಕೆ.ಜಿ.ಯ ಆಸುಪಾಸು. ನಾಲ್ಕೂವರೆ ಇಂಚಿನ ಪ್ಯಾರಾಪೆಟ್ಟಿಗೆ ಎಷ್ಟೇ ಚೆನ್ನಾಗಿ ಅಂಟಿಸಿದರೂ ಬಿರುಗಾಳಿಗೆ ಬೋಲ್ಟ್, ಅಂಟು, ಇಟ್ಟಿಗೆ ಎಲ್ಲ ಒಟ್ಟಾಗಿ ಪ್ಯಾರಾಪೆಟ್ಟೇ ಏಳಬಹುದು. ಚೌಕಟ್ಟಿನ ಕಾಲು ಕಾಂಕ್ರೀಟ್ ತೊಲೆಯ ಮೇಲೆ ಬರಲಿ, ಇಲ್ಲವೇ ಕಾಂಕ್ರೀಟ್ ದಿಮ್ಮಿಗಳ ತೂಕದಿಂದ ಕೂರಲಿ.

ಗೋಡೆಯ ಬಗ್ಗೆ ಅನುಮಾನವಿದ್ದಾಗ ಕಣ್ಣಿಗೆ ಬೀಳದ ಮೂಲೆಯಲ್ಲಿ ಮೂರು ರಾಡ್ ಪ್ರಯೋಗಕ್ಕೆ ಕೂರಿಸಿ, ಪೂರ್ತಿ ಗಟ್ಟಿಯಾದ ಮೇಲೆ ಎಳೆದು ನೋಡುವುದಕ್ಕಿಂತ ಉತ್ತಮ ದಾರಿಯಿಲ್ಲ. ರಾಡಿನ ಎರಡೂ ಬದಿಗೆ ಹತ್ತು ಹನ್ನೆರಡು ಸೆಂ.ಮೀ. ದೂರದಲ್ಲಿ ಮರದ ತುಂಡು ಇಟ್ಟು, ಮೇಲೆ ದಪ್ಪ ಕಬ್ಬಿಣದ ಪಟ್ಟಿ ಹಾಸಿ, ಪಟ್ಟಿಯ ತೂತಿನಿಂದ ಹೊರಬಂದ ರಾಡಿಗೆ ನಟ್ ಹಾಕಿ ಬಿಗಿದರೆ ಎಳೆತ ಇಟ್ಟಿಗೆಯ ಮೇಲೆಯೇ ಬೀಳುತ್ತದೆ. 4 ನ್ಯೂಟನ್ ಮೀಟರಿಗೆ ಸುಮಾರು 200 ಕೆ.ಜಿ. ಮೂರೂ ಅಲುಗದಿದ್ದರೆ ಮುಂದುವರಿಯಬಹುದು. ಒಂದು ಬಂದರೂ ಅದರ ಮೈ ನೋಡಿ: ಕೆಂಪು ಹುಡಿಯಾದರೆ ಬ್ರಷ್ ಸಾಲದು, ಎರಡು ಬಣ್ಣದ ಅಂಟಂಟು ಪಟ್ಟೆಯಾದರೆ ಬೆರೆತಿಲ್ಲ, ಅಂಟು ಒಳಗೇ ಉಳಿದು ಥ್ರೆಡ್ ಬರಿದಾಗಿ ಬಂದರೆ ಎಣ್ಣೆ ಇತ್ತು ಅಥವಾ ಅಂಟು ಗಟ್ಟಿಯಾಗುವಾಗ ಯಾರೋ ಅಲುಗಿಸಿದ್ದಾರೆ, ಇಟ್ಟಿಗೆಯೇ ಒಡೆದು ಬಂದರೆ ಆ ಗೋಡೆಗೆ ಆ ಭಾರ ಬೇಡ.

ಕೆಲಸ ಮುಗಿದ ದಿನ ನಟ್, ರಾಡಿನ ತುದಿ, ಬ್ರಾಕೆಟ್ ಮೂರನ್ನೂ ದಾಟುವಂತೆ ಬಣ್ಣದಲ್ಲಿ ಒಂದು ಗೆರೆ ಎಳೆದಿಡಿ. ಒಂದು ಮಳೆಗಾಲ, ಒಂದು ಬೇಸಿಗೆ ಕಳೆದ ಮೇಲೆ ನೋಡಿ. ಗೆರೆ ಮುರಿದಿದ್ದರೆ ನಟ್ ಸಡಿಲವಾಗಿದೆ, ಬಿಗಿದರೆ ಆಯಿತು. ಗೆರೆ ನೇರವಾಗಿದ್ದೂ ಬ್ರಾಕೆಟ್ಟಿಗೂ ಗೋಡೆಗೂ ನಡುವೆ ಪೋಸ್ಟ್‌ಕಾರ್ಡ್ ತೂರುವಷ್ಟು ಸಂದು ಬಿಟ್ಟಿದ್ದರೆ ಜಾರುತ್ತಿರುವುದು ಬೋಲ್ಟ್. ಅದನ್ನು ಮತ್ತೆ ಬಿಗಿಯಬೇಡಿ. ಭಾರ ಇಳಿಸಿ, ಹೊಸ ಜಾಗದಲ್ಲಿ ಹೊಸ ತೂತು ಕೊರೆಯಿರಿ.